ಅಣ್ಣನ ಒಂಬತ್ತು ಕೆಂಪು ಗೆರೆ

ಆಟದ ವಿಷಯದಲ್ಲಿ ಯಾರಾದರೂ "ಅವನ ಕೈ ಕುದುರಿದೆ" ಅಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ರೇಡಿಯೋದಲ್ಲಿ ಕಾಮೆಂಟರಿ ಹೇಳುವವರು ಇದನ್ನೇ ಫಾರ್ಮ್ ಅನ್ನುತ್ತಿದ್ದರು. ಮೂರು ಸಲ ಚೆಂಡು ಸರಿಯಾಗಿ ಬಿದ್ದರೆ ಫಾರ್ಮ್ ಬಂತು, ಎರಡು ಸಲ ತಪ್ಪಿದರೆ ಫಾರ್ಮ್ ಹೋಯಿತು. ಅದೇನು ಮನೆಗೆ ಬಂದುಹೋಗುವ ಬೀಗರೇ? ಬಂದಾಗ ಕಾಲಿಗೆ ನೀರು ಕೊಟ್ಟು, ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಕಳಿಸಿ ಬರಬೇಕೇ? ಹೀಗೆ ಕೇಳಿ ಕೇಳಿ ನಾನು ಬಹಳ ಜನರ ಮನಸ್ಸು ಕೆಡಿಸಿದ್ದೇನೆ. ಅವರಲ್ಲಿ ಮೊದಲನೆಯವನು ನನ್ನ ಅಣ್ಣ.

ನಾವು ಇಳಕಲ್ಲಿನ ನೇಕಾರರು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಪಡಸಾಲೆಯಲ್ಲಿ ಕುಣಿಮಗ್ಗ, ಅದರಲ್ಲಿ ಸೊಂಟದವರೆಗೆ ಇಳಿದು ಕೂತ ಅಣ್ಣ, ಹೊರಗೆ ಕಟ್ಟೆಯ ಮೇಲೆ ರಾಟೆಯ ಮುಂದೆ ನಾನು. ರಾಟೆಯಲ್ಲಿ ನೂಲು ಸುತ್ತಿ ಕಂಡಿಕೆ ಮಾಡುವುದು ಹೆಣ್ಣುಮಕ್ಕಳ ಕೆಲಸ. ಕಂಡಿಕೆ ಅಂದರೆ ಬೆರಳುದ್ದದ ಕೊಳವೆ. ನೂಲು ಸುತ್ತಿದ ಮೇಲೆ ಅದು ಲಾಳಿಯ ಹೊಟ್ಟೆ ಸೇರುತ್ತದೆ, ಲಾಳಿ ಅತ್ತಿತ್ತ ಓಡಿದ ಹಾಗೆಲ್ಲ ಬಿಚ್ಚಿಕೊಳ್ಳುತ್ತ ಸೀರೆಯಾಗುತ್ತದೆ. ಇದನ್ನು ಈಗಲೇ ಹೇಳಿಡುತ್ತೇನೆ, ಯಾಕೆಂದರೆ ಮುಂದೆ ಬೇಕಾದ ಹೊತ್ತಿನಲ್ಲಿ ನಾನು ಇದನ್ನೇ ಮರೆತಿದ್ದೆ.

ನಮ್ಮ ಕಟ್ಟೆಯ ಎದುರಿಗೇ ಬಯಲು. ಅಲ್ಲಿ ಎರಡು ಬಿದಿರು ಗಳ ಹುಗಿದು ವಾಲಿಬಾಲ್ ನೆಟ್ಟು ಕಟ್ಟಿದ್ದರು. ಓಣಿಯ ನೇಕಾರರೇ ಹೆಣೆದ ನೆಟ್ಟು ಅದು. ಮೈಗೆಲ್ಲ ಹುಳುಕು ನೂಲು, ಆದರೆ ಅಂಚಿಗೆ ಮಾತ್ರ ಚಂದದ ಕೆಂಪು ಪಟ್ಟಿ. ಅಂಚಿಲ್ಲದೆ ಏನನ್ನೂ ಮಾಡಲು ನಮ್ಮವರ ಕೈ ಬರುವುದಿಲ್ಲ. ಟೀಮಿನ ಕ್ಯಾಪ್ಟನ್ ನೂಲಿಗೆ ಬಣ್ಣ ಹಾಕುವವನು, ಎರಡೂ ಕೈ ಮೊಣಕೈವರೆಗೆ ನೀಲಿ. ಅವನ ಬಣ್ಣದ ಹಾಗೆ ಅವನ ಅಭಿಪ್ರಾಯವೂ ಒಮ್ಮೆ ಹತ್ತಿತೆಂದರೆ ಬಿಡುತ್ತಿರಲಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂಡಿಸಬೇಕು ಎಂಬುದನ್ನು ಅವನು ಒಂದೇ ಮಾತಿನಲ್ಲಿ ತೀರ್ಮಾನಿಸುತ್ತಿದ್ದ. "ಇವನ ಕೈ ಕುದುರೈತಿ," ಇಲ್ಲವೇ "ಇವನ ಕೈ ಬಿಟ್ಟೈತಿ."

ಅಣ್ಣ ಸರ್ವಿಸ್‌ಗೆ ಹೆಸರಾದವನು. ಮಗ್ಗದ ಹಗ್ಗ ಜಗ್ಗಿ ಜಗ್ಗಿ ಬಲಗೈ ಕಟ್ಟಿಗೆಯಂತಾಗಿತ್ತು. ಅವನು ಹೊಡೆದ ಚೆಂಡು ನೆಟ್ಟು ದಾಟಿದ ಮೇಲೆ ಎಲ್ಲಿ ತಿರುಗುತ್ತದೆ ಎಂದು ಅವನಿಗೇ ಗೊತ್ತಿರುತ್ತಿರಲಿಲ್ಲ, ಇನ್ನು ಎದುರಿನವರಿಗೇನು ಗೊತ್ತಾಗಬೇಕು. ಆದರೆ ಹಿಂದಿನ ವರ್ಷ ಬಾಗಲಕೋಟೆಯವರ ಊರಿನಲ್ಲೇ ಅವರೊಂದಿಗೆ ಆಡುವಾಗ, ಆಟ ಕೊನೆಗೆ ಬಂದು ಎಲ್ಲರೂ ಉಸಿರು ಹಿಡಿದಿದ್ದಾಗ, ಸರ್ವಿಸನ್ನು ನೆಟ್ಟಿಗೆ ಹೊಡೆದಿದ್ದ. ಆಗೆಲ್ಲ ಸರ್ವಿಸ್ ಕೈಯಲ್ಲಿದ್ದವರಿಗೆ ಮಾತ್ರ ಪಾಯಿಂಟು. ಸರ್ವಿಸ್ ಎದುರಾಳಿಗೆ ಹೋಯಿತು, ಮರುಗಳಿಗೆಯಲ್ಲಿ ಆಟವೂ ಹೋಯಿತು. ಅಂದಿನಿಂದ ಓಣಿಯಲ್ಲಿ ಅವನನ್ನು ಕಂಡವರೆಲ್ಲ "ನೆಟ್ಟು ಹೆಂಗೈತೋ? ಹರದಿಲ್ಲ ಹೌದಿಲ್ಲೋ?" ಎಂದು ವಿಚಾರಿಸುವವರೇ. ಅಣ್ಣ ಚಹದಂಗಡಿಗೆ ಹೋಗಲೂ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗತೊಡಗಿದ. ಅವನಿಗೆ ಬೇಕಾಗಿದ್ದದ್ದು ಒಂದೇ. ಈ ವರ್ಷವೂ ಬಾಗಲಕೋಟೆಗೆ ಹೋಗಬೇಕು, ಅದೇ ಗೆರೆಯ ಹಿಂದೆ ನಿಲ್ಲಬೇಕು, ಚೆಂಡನ್ನು ನೆಟ್ಟಿನ ಆಚೆ ದಾಟಿಸಬೇಕು.

ಅದಕ್ಕಾಗಿ ಅವನು ಮಾಡದ ಕಸರತ್ತಿಲ್ಲ. ಒಂದು ದಿನ ಚೆನ್ನಾಗಿ ಆಡಿದ. ಅಂದು ಹಾಕಿದ್ದ ಬನಿಯನ್ನನ್ನು ಹದಿನೈದು ದಿನ ಒಗೆಯಲು ಕೊಡಲಿಲ್ಲ. ಅಂದು ಉಂಡದ್ದು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ದಿನವೂ ಅದೇ ಬೇಕೆಂದ. ಅವ್ವ ಒಂದು ವಾರ ಸುಮ್ಮನಿದ್ದಳು. ಎಂಟನೆಯ ದಿನ ಹಿಟ್ಟಿನ ಕೈಯನ್ನೇ ಅವನ ಮುಖದ ಮುಂದೆ ಹಿಡಿದು, "ರೊಟ್ಟಿ ಬಡಿಯೂ ಈ ಕೈ ಕುದುರೈತೋ ಬಿಟ್ಟೈತೋ, ಒಂದ್ ದಿನ ಯಾರರ ಕೇಳೀರೇನು?" ಅಂದಳು.

ಅದೇ ದಿನಗಳಲ್ಲಿ ನಾನು ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಪಿಯುಸಿ ಓದುತ್ತಿದ್ದೆ. ನಮ್ಮ ಗಣಿತದ ಸರ್ ಒಮ್ಮೆ ಅರ್ಧ ಕ್ಲಾಸಿಗೆ, ಮನೆಯಲ್ಲಿ ನೂರು ಸಲ ನಾಣ್ಯ ಚಿಮ್ಮಿ ಛಾಪಾ ಬಿತ್ತೋ ಕಾಟಾ ಬಿತ್ತೋ ಬರೆದುಕೊಂಡು ಬರಲು ಹೇಳಿದರು. ಉಳಿದರ್ಧ ಜನ ನಾಣ್ಯ ಮುಟ್ಟದೆ ತಲೆಯಿಂದಲೇ ಬರೆಯಬೇಕು. ಮರುದಿನ ಒಂದೊಂದೇ ಹಾಳೆ ನೋಡಿ, "ಇದು ಖರೆ, ಇದು ಸುಳ್ಳು," ಎಂದು ಬೇರೆ ಮಾಡಿಬಿಟ್ಟರು. ನಾವು ಬಾಯಿ ತೆರೆದುಕೊಂಡು ಕೂತಿದ್ದೆವು.

"ನಾಣ್ಯಕ್ಕ ನಾಚಿಕಿ ಇರಂಗಿಲ್ಲ," ಅಂದರು ಸರ್. "ಈ ಹುಡುಗೀದು ನೋಡ್ರಿ, ಎಂಟು ಸಲ ಒಂದ ಸವನ ಛಾಪಾ ಬಿದ್ದೈತಿ. ತಲ್ಯಾಗಿಂದ ಬರದವರು ನಾಕಕ್ಕ ಅಂಜಿ ಬದಲಿ ಮಾಡಿರ್ತೀರಿ."

ಆ ಎಂಟು ಛಾಪಾದ ಹುಡುಗಿ ನಾನೇ. ಅಂದು ಇಳಕಲ್ಲಿಗೆ ಮರಳಿದ ಬಸ್ಸಿನಲ್ಲಿ ನನ್ನಷ್ಟು ತಿಳಿದವರು ಇನ್ಯಾರೂ ಇರಲಿಲ್ಲ. ನಾಣ್ಯಕ್ಕೆ ಕೈಯೂ ಇಲ್ಲ, ಕುದುರುವುದೂ ಇಲ್ಲ, ಆದರೂ ಎಂಟು. ಹಾಗಾದರೆ ವಾಲಿಬಾಲಿನವರ ಕೈ ಕುದುರುವುದೂ ಬಿಡುವುದೂ ನಮ್ಮ ಕಣ್ಣು ಕಟ್ಟಿಕೊಂಡ ಕತೆಯಲ್ಲದೆ ಇನ್ನೇನು? ಈ ಜ್ಞಾನವನ್ನು ನಾನು ಓಣಿಯ ತುಂಬ ಹಂಚಿದೆ. ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಅಣ್ಣ ಒಂದು ವಾರ ಸತತವಾಗಿ ತಪ್ಪಿದ. ಕ್ಯಾಪ್ಟನ್ ಅವನನ್ನು ಟೀಮಿನಿಂದ ಇಳಿಸಿ, "ಕೈ ಬಿಟ್ಟೈತಿ. ಬಾಗಲಕೋಟಿಗೆ ಇನ್ನ ಆರು ವಾರ ಐತಿ. ಕುದುರಿದ್ರ ಬಂದು ಹೇಳು," ಅಂದ.

ಮರುದಿನದಿಂದ ಅಣ್ಣ ಬೆಳಿಗ್ಗೆ ಮಗ್ಗಕ್ಕೆ ಇಳಿಯುವ ಮುಂಚೆ, ಪಕ್ಕದ ಮನೆಯ ಇಬ್ಬರನ್ನು ನೆಟ್ಟಿನ ಆಚೆ ನಿಲ್ಲಿಸಿ ಸರ್ವಿಸ್ ಹೊಡೆಯತೊಡಗಿದ. ಕ್ಯಾಪ್ಟನ್ ಆ ಹೊತ್ತಿಗೆ ಬಣ್ಣದ ಹಂಡೆಯ ಮುಂದೆ ಇರುತ್ತಿದ್ದ. ನನಗೂ ಅದು ಕಂಡಿಕೆ ಸುತ್ತುವ ಹೊತ್ತು. ಕಟ್ಟೆಯ ಮೇಲೆ ಕೂತು ಸುಮ್ಮನೆ ಆಟ ನೋಡುವ ಹುಡುಗಿಯನ್ನು ಜನ ಆಡಿಕೊಳ್ಳುತ್ತಾರೆ. ರಾಟೆ ಮುಂದಿದ್ದರೆ ಯಾರೂ ಕಮಕ್ ಕಿಮಕ್ ಅನ್ನುವುದಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಸೆರಗಿಗೆ ಬೇಕಾಗುವ ಕೆಂಪು, ಬಿಳಿ ನೂಲಿನ ತುಂಡುಗಳು ಮನೆಯಲ್ಲಿ ಯಾವಾಗಲೂ ಬಿದ್ದಿರುತ್ತಿದ್ದವು. ಆಚೆಯ ಇಬ್ಬರಿಗೆ ಎತ್ತಲಾಗದ ಸರ್ವಿಸ್‌ಗೆ ರಾಟೆಯ ಹತ್ತು ಸುತ್ತು ಕೆಂಪು. ನೆಟ್ಟಿಗೆ ಬಡಿದರೆ, ಹೊರಗೆ ಹೋದರೆ, ಅವರು ಎತ್ತಿಬಿಟ್ಟರೆ ಹತ್ತು ಸುತ್ತು ಬಿಳಿ. ಗಂಟು ಹಾಕುತ್ತ, ಸುತ್ತುತ್ತ ಹೋದೆ. ಕಂಡಿಕೆ ತುಂಬಿದಂತೆ ಒಂದು ಹಳೆಯ ಉದ್ದ ಡಬ್ಬಿಯಲ್ಲಿ ಒಂದರ ಮೇಲೊಂದು ಇಳಿಸಿದೆ. ಪೆನ್ನು ಹಾಳೆ ಹಿಡಿದು ಕೂತಿದ್ದರೆ ಆಡುವವನಿಗೆ ಮುಜುಗರವಾಗುತ್ತಿತ್ತು. ಕಂಡಿಕೆ ಸುತ್ತುವ ತಂಗಿಯನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ.

ಮೊದಲನೆಯ ದಿನವೇ ಅವನು ಸಿಟ್ಟಿನಲ್ಲಿದ್ದ. ಆಚೆಯವರಿಗೆ ಒಂದನ್ನೂ ಮುಟ್ಟಗೊಡದೆ ಒಂಬತ್ತು ಹೊಡೆದ. ಒಂಬತ್ತು, ಒಂದರ ಬೆನ್ನಿಗೊಂದು. ನನ್ನ ರಾಟೆ ಕೆಂಪು ಬಿಟ್ಟು ಬೇರೆ ನೂಲನ್ನೇ ಕೇಳಲಿಲ್ಲ. ಹತ್ತನೆಯದು ಹೊರಗೆ ಹೋಯಿತು. ಅಣ್ಣ ತಿರುಗಿ ನನ್ನನ್ನು ನೋಡಿ ನಕ್ಕ. ಅವನು ಹಾಗೆ ನಕ್ಕು ಒಂದು ವರ್ಷವಾಗಿತ್ತು.

ಆಮೇಲೆ ಎಲ್ಲ ಕಲಸುಮೇಲೋಗರ. ಎರಡು ಕೆಂಪು, ಮೂರು ಬಿಳಿ, ಒಂದು ಕೆಂಪು, ಒಂದು ಬಿಳಿ. ಐದನೆಯ ವಾರ ಪರವಾಗಿಲ್ಲ. ಆರನೆಯ ವಾರದಲ್ಲಿ ಬಿಳಿ ನೂಲೇ ಹೆಚ್ಚು ಖರ್ಚಾಯಿತು. ಅಣ್ಣನ ಮುಖ ಇಳಿಯುತ್ತ ಹೋಯಿತು. ಒಂದು ಬೆಳಿಗ್ಗೆ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ಬಂದು ಕಟ್ಟೆಯ ಮೇಲೆ ಕೂತು, "ಕೈ ಬಿಟ್ಟೈತಿ ಬಿಡು. ಕ್ಯಾಪ್ಟನ್ ಖರೆ ಹೇಳ್ಯಾನ," ಅಂದ.

ನನಗೆ ಬೇಕಾಗಿದ್ದದ್ದು ಅದೇ ಅವಕಾಶ. ಡಬ್ಬಿ ತೋರಿಸಿ ಪಾಠ ಶುರು ಮಾಡಿದೆ. ಕೈ ಬಿಡುವುದಿಲ್ಲ, ಕುದುರುವುದೂ ಇಲ್ಲ. ನೀನು ಎರಡಕ್ಕೆ ಒಂದು ಹೊಡೆಯುವವನು. ಇಂದೂ ಅಷ್ಟೇ, ನಾಳೆಯೂ ಅಷ್ಟೇ. ಬಿಳಿ ಮೇಲಿಂದ ಮೇಲೆ ಬಿತ್ತು ಅಂತ ಅಂಜಬೇಡ, ನಾಣ್ಯಕ್ಕೂ ಹಾಗೆ ಬೀಳುತ್ತದೆ. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಸ್ವಲ್ಪ ಗೆಲುವಾದ ಹಾಗೂ ಕಂಡಿತು.

"ಹಂಗಾರ ಮೊದಲನೇ ದಿನದ ಒಂಬತ್ತು?" ಅಂದ.

"ಅದೂ ಅಷ್ಟ. ನಾಣ್ಯಕ್ಕ ಎಂಟು ಬಿದ್ದಿದ್ದವು, ನಿನಗ ಒಂಬತ್ತು ಬಿದ್ದಾವ."

"ಅಂದ್ರ ಅವು ನನ್ನವಲ್ಲೇನು?"

"ಅಲ್ಲ," ಅಂದೆ.

ಎಷ್ಟು ಸಲೀಸಾಗಿ ಅಂದುಬಿಟ್ಟೆ. ಅವನ ಕೆಟ್ಟ ದಿನಗಳನ್ನು ಅವನ ಹೆಗಲಿನಿಂದ ಇಳಿಸುವ ಭರದಲ್ಲಿ ಇದ್ದ ಒಂದೇ ಒಳ್ಳೆಯ ದಿನವನ್ನೂ ಕಿತ್ತುಕೊಂಡಿದ್ದೆ. ಅದು ನನಗೆ ಆಗ ಕಾಣಲೇ ಇಲ್ಲ, ವಾದ ಗೆದ್ದ ಖುಷಿಯಲ್ಲಿದ್ದೆ. ಅಣ್ಣ ಎದ್ದು ಮಗ್ಗಕ್ಕೆ ಇಳಿದ. ಅಂದು ಇಡೀ ದಿನ ಲಾಳಿಯ ಸದ್ದು ತಾಳ ತಪ್ಪಿಯೇ ಕೇಳುತ್ತಿತ್ತು.

ಸಂಜೆ ನಾನು ಡಬ್ಬಿ ಎತ್ತಿಕೊಂಡು ಕ್ಯಾಪ್ಟನ್ನನ ಬಣ್ಣದ ಮನೆಗೆ ಹೋದೆ. ಅವನು ಹಂಡೆಯಲ್ಲಿ ಕೋಲು ತಿರುವುತ್ತ ನನ್ನ ಭಾಷಣ ಪೂರ್ತಿ ಕೇಳಿದ.

"ಕೈ ಕುದುರೂದ ಸುಳ್ಳಂತಿ?"

"ಸುಳ್ಳ."

"ಹಂಗಾರ ನಾ ಕ್ಯಾಪ್ಟನ್ ಯಾಕ ಇರಬೇಕವ್ವಾ? ಚೀಟಿ ಎತ್ತಿದ್ರ ಸಾಕಲ್ಲ."

ಇದಕ್ಕೆ ನನ್ನ ಬಳಿ ಉತ್ತರವಿತ್ತು, ಆದರೆ ಹೇಳಿದ್ದರೆ ಅಣ್ಣನ ಕೆಲಸ ಕೆಡುತ್ತಿತ್ತು. ಸುಮ್ಮನೆ ಡಬ್ಬಿ ಮುಂದಿಟ್ಟೆ. ಅವನು ಮೇಲಿನ ಕಂಡಿಕೆ ತೆಗೆದು ಬೆಳಕಿಗೆ ಹಿಡಿದು, ಕೆಂಪು ಸ್ವಲ್ಪ ಮಾಸಿದೆ, ಈ ನೂಲು ನನ್ನ ಕೈದಲ್ಲ ಅಂದ. ಆಮೇಲೆ ಅದನ್ನು ಹಾಗೇ ಒಳಗಿಟ್ಟ.

"ಕಂಡಿಕಿ ನೋಡಿ ಯಾರರ ಸೀರಿ ತಗೋತಾರೇನು? ಬಾಯಿಮಾತು ಬ್ಯಾಡ. ನೇಯ್ದು ತಾ, ನೋಡ್ತೇನಿ."

ತಮಾಷೆಗೆ ಅಂದನೋ ಖರೆ ಅಂದನೋ ಇಂದಿಗೂ ಗೊತ್ತಿಲ್ಲ. ಆದರೆ ನೇಕಾರರಿಗೆ ನೇಯ್ದು ತಾ ಅಂದರೆ ಅದು ಆಗುವ ಮಾತೇ. ಸೀರೆ ಕೊಯ್ದ ಮೇಲೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನ, ತುದಿಯಲ್ಲಿ ಎರಡು ಮೊಳ ಉಳಿಯುತ್ತಿತ್ತು. ಅವ್ವ ಅದರಲ್ಲಿ ರೊಟ್ಟಿ ಕಟ್ಟುವ ಅರಿವೆ ನೇಯಿಸಿಕೊಳ್ಳುತ್ತಿದ್ದಳು. ಈ ಸಲ ಅದನ್ನು ನಾನು ಬೇಡಿಕೊಂಡೆ. ಅಣ್ಣನಿಗೆ ಡಬ್ಬಿ ಕೊಟ್ಟು, "ಇದ್ದದ್ದು ಇದ್ದಂಗ ನೇಯಿ, ಒಂದು ಎಳಿ ಬಿಡಬ್ಯಾಡ," ಎಂದು ತಾಕೀತು ಮಾಡಿ ಕಾಲೇಜಿಗೆ ಹೋದೆ.

ಸಂಜೆ ಬರುವಷ್ಟರಲ್ಲಿ ಬಟ್ಟೆ ತಯಾರಾಗಿತ್ತು. ಒಂದೊಂದು ಸರ್ವಿಸೂ ಜೋಳದ ಕಾಳಿನಷ್ಟು ದಪ್ಪದ ಅಡ್ಡಗೆರೆ. ಕೆಂಪು, ಬಿಳಿ, ಬಿಳಿ, ಕೆಂಪು. ಚಂದವಾಗಿಯೇ ಕಂಡಿತು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಏನೋ ಲೆಕ್ಕ ಐತಿ, ಆದ್ರ ಹಿಡಿಯಾಕ ಬರವಲ್ದು," ಅಂದಳು. ಲೆಕ್ಕ ಇಲ್ಲದಿರುವುದೇ ಅದರ ಲೆಕ್ಕ ಎಂದು ಹೇಳಿದರೆ ಅವಳು ನನ್ನ ತಲೆ ಮುಟ್ಟಿ ಜ್ವರ ನೋಡುತ್ತಿದ್ದಳು.

ಅಣ್ಣನನ್ನೂ ಎಳೆದುಕೊಂಡು ಕ್ಯಾಪ್ಟನ್ನನ ಬಳಿ ಹೋದೆ. ಅವನು ನೀಲಿ ಕೈಗಳನ್ನು ಒರೆಸಿಕೊಂಡು, ಬಟ್ಟೆಯನ್ನು ತೊಡೆಯ ಮೇಲೆ ಹರವಿ, ನೇಯ್ಗೆ ಶುರುವಾದ ತುದಿಯಿಂದ ಬೆರಳಾಡಿಸುತ್ತ ಬಂದ. ಸೀರೆ ಕೊಳ್ಳುವವನಂತೆ ಅಲ್ಲ, ನೇಯ್ಗೆ ಬಲ್ಲವನಂತೆ, ಮೆಲ್ಲಗೆ.

"ಮೊದಲ ಭಾಳ ಬಿಳಿ," ಅಂದ. "ಕೈ ಬಿಟ್ಟಿತ್ತು, ನಾ ಹೇಳಿದ್ನಲ್ಲ. ಇಲ್ಲಿ ನಡುವ ಸುಮಾರು. ಇಲ್ಲಿಂದ ಏರಾಕ ಹತ್ಯಾನ." ಬೆರಳು ಕೊನೆಯ ತುದಿಗೆ ಬಂದು ನಿಂತಿತು. ಅಲ್ಲಿ ಮೂರು ಬೆರಳಗಲ ಒಂದೇ ಕೆಂಪು. ನಡುವೆ ಒಂದೂ ಬಿಳಿ ಇಲ್ಲ. "ಇದೇನಲೇ, ಒಂಬತ್ತಾ? ಕಡೀ ದಿನ ಒಂಬತ್ತು ಹೊಡದಿ? ಕೈ ಕುದುರೈತಿ ಬಿಡು. ನಡಿ ಬಾಗಲಕೋಟಿಗೆ."

ನಾನೂ ಬಗ್ಗಿ ನೋಡಿದೆ. ಆ ಒಂಬತ್ತು ಮೊದಲನೆಯ ದಿನದವು. ಕೊನೆಗೆ ಹೇಗೆ ಬಂದವು? ಹೇಗೆ ಅಂದರೆ, ಕಂಡಿಕೆಗೆ ಕೊನೆಯಲ್ಲಿ ಸುತ್ತಿದ ನೂಲೇ ಮೊದಲು ಬಿಚ್ಚುತ್ತದೆ. ಡಬ್ಬಿಯಲ್ಲಿ ಕೊನೆಗೆ ಇಟ್ಟ ಕಂಡಿಕೆಯೇ ಮೇಲೆ ಇರುತ್ತದೆ. ಆರು ವಾರದ ಕತೆ ಪೂರ್ತಿ ಹಿಂದುಮುಂದಾಗಿ ನೇಯ್ದುಕೊಂಡಿತ್ತು. ಇಳಿಯುತ್ತ ಹೋದವನು ಬಟ್ಟೆಯಲ್ಲಿ ಏರುತ್ತ ಹೋಗಿದ್ದ. ಹುಟ್ಟಿದಾಗಿನಿಂದ ರಾಟೆಯ ಮುಂದೆ ಕೂತವಳು, ನೂರು ನಾಣ್ಯದ ಪಂಡಿತೆ, ಇಷ್ಟು ಮರೆತಿದ್ದೆ.

ಹೇಳಲೆಂದು ಬಾಯಿ ತೆರೆದೆ. ಅಣ್ಣನನ್ನು ನೋಡಿದೆ. ಅವನು ಬಟ್ಟೆಯ ಕೊನೆಯನ್ನೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಆ ಮೊದಲನೆಯ ದಿನದ ನಗೆ ಇತ್ತು. ಬಾಯಿ ಮುಚ್ಚಿದೆ. ಆಮೇಲೆ ಮನೆಗೆ ನಡೆಯುತ್ತ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ನನ್ನದೇ ಲೆಕ್ಕದ ಪ್ರಕಾರ ಮೊದಲು ಯಾವುದು, ಕೊನೆಗೆ ಯಾವುದು ಎಂಬುದಕ್ಕೆ ಅರ್ಥವೇ ಇಲ್ಲ. ಎರಡಕ್ಕೆ ಒಂದು ಹೊಡೆಯುವವನು ಮುಂದಿನಿಂದ ನೋಡಿದರೂ ಅಷ್ಟೇ, ಹಿಂದಿನಿಂದ ನೋಡಿದರೂ ಅಷ್ಟೇ. ಹಾಗಿದ್ದ ಮೇಲೆ ನಾನು ಒಪ್ಪಿಕೊಳ್ಳಬೇಕಾದ ತಪ್ಪಾದರೂ ಯಾವುದು? ಸಿದ್ಧಾಂತ ಇಷ್ಟು ಉಪಯೋಗಕ್ಕೆ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಬಾಗಲಕೋಟೆಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇತ್ತು. ಆ ನೆಪದಲ್ಲಿ ನಾನೂ ಹೋದೆ. ಮೈದಾನದ ಅಂಚಿನಲ್ಲಿ ಹೆಣ್ಣುಮಕ್ಕಳ ನಡುವೆ ಕೂತಾಗ ಮೊದಲ ಸಲ ನನ್ನ ಕೈಯಲ್ಲಿ ರಾಟೆ ಇರಲಿಲ್ಲ. ಕೈ ಏನು ಮಾಡಬೇಕೆಂದು ತಿಳಿಯದೆ ಸೆರಗನ್ನೇ ಸುತ್ತುತ್ತ ಬಿಚ್ಚುತ್ತ ಕೂತೆ. ಅಣ್ಣನ ಮೊದಲ ಸರ್ವಿಸು ನೆಟ್ಟಿಗೆ ಬಡಿಯಿತು. ಬಾಗಲಕೋಟೆಯವರು ಹೋದ ವರ್ಷವನ್ನು ನೆನೆದು ನಕ್ಕರು. ಅಣ್ಣ ನನ್ನ ಕಡೆ ನೋಡಿದ. ಆ ನೋಟಕ್ಕೆ ನಾಣ್ಯದ ಮಾತು ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಟ ಕೊನೆಗೆ ಬಂತು. ಬಾಗಲಕೋಟೆಗೆ ಒಂದೇ ಪಾಯಿಂಟು ಬೇಕು, ನಾವು ಬಹಳ ಹಿಂದೆ. ಸರದಿ ತಿರುಗಿ ಚೆಂಡು ಅಣ್ಣನ ಕೈಗೆ ಬಂತು, ಅದೇ ಗೆರೆಯ ಹಿಂದೆ. ಆಗ ನಾನು ಎದ್ದು ನಿಂತು, ಚಿಕ್ಕಮ್ಮ ಸೀರೆ ಹಿಡಿದು ಜಗ್ಗುತ್ತಿದ್ದರೂ ಬಿಡದೆ, "ಅಣ್ಣಾ, ಕೈ ಕುದುರೈತಿ ನಿಂದು, ಹೊಡಿ," ಎಂದು ಕೂಗಿದೆ. ಹೌದು, ನಾನೇ ಕೂಗಿದ್ದು.

ಹೊಡೆದ. ದಾಟಿತು. ಮತ್ತೆ ಹೊಡೆದ, ಮತ್ತೆ ದಾಟಿತು. ಅವರು ಚೆಂಡಿನ ಕೆಳಗೆ ಓಡುತ್ತಿದ್ದರು, ಅದು ಇನ್ನೆಲ್ಲೋ ಬೀಳುತ್ತಿತ್ತು. ನಾವು ಹತ್ತಿರ ಹತ್ತಿರ ಬಂದೆವು. ಅವನು ಎಷ್ಟು ಹೊಡೆದ ಎಂದು ಕೇಳಬೇಡಿ. ಎಲ್ಲವನ್ನೂ ಎಣಿಸುವ ನಾನು ಅದೊಂದನ್ನು ಎಣಿಸಲಿಲ್ಲ. ಕೊನೆಗೊಂದನ್ನು ಅವರು ಹೇಗೋ ಎತ್ತಿದರು, ಚೆಂಡು ತಿರುಗಿ ನಮ್ಮ ಕಡೆ ಬಂತು, ಕ್ಯಾಪ್ಟನ್ ಎತ್ತರಕ್ಕೆ ಜಿಗಿದು ನೀಲಿ ಕೈಯಿಂದ ಬಡಿದ. ನೇರ ನೆಟ್ಟಿಗೆ. ಸರ್ವಿಸ್ ಹೋಯಿತು, ಮರುಗಳಿಗೆಯಲ್ಲಿ ಆಟವೂ ಹೋಯಿತು.

ಸೋತು ಬಂದ ಆ ಬಸ್ಸಿನಲ್ಲಿ ಅಣ್ಣನಷ್ಟು ಸುಖವಾಗಿದ್ದವರು ಇನ್ನೊಬ್ಬರಿರಲಿಲ್ಲ. ಕ್ಯಾಪ್ಟನ್ ಅಮೀನಗಡ ದಾಟಿದ ಮೇಲೆ ಹಿಂದಿನ ಸೀಟಿನಿಂದ ಬಾಗಿ ನನ್ನ ಕಿವಿಯ ಹತ್ತಿರ, "ನಂದೂ ಒಂದು ನೇಯ್ಸಿ ನೋಡವ್ವಾ, ಕೈ ಯಾವಾಗಿಂದ ಬಿಟ್ಟೈತಿ ಅಂತ," ಅಂದ. ಮರುದಿನದಿಂದ ಓಣಿಯವರು ನೆಟ್ಟಿನ ಕ್ಷೇಮಸಮಾಚಾರವನ್ನು ಅವನಲ್ಲಿ ವಿಚಾರಿಸತೊಡಗಿದರು. ಅಣ್ಣ ಚಹದಂಗಡಿಗೆ ಮುಂದಿನ ಓಣಿಯಿಂದಲೇ ಹೋದ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬಾದಾಮಿಯಲ್ಲಿ ಗಣಿತ ಕಲಿಸುತ್ತಿದ್ದೆ. ಆ ಎರಡು ಮೊಳ ಬಟ್ಟೆ ನನ್ನ ಮೇಜಿನ ಮೇಲೆ ಹಾಸಿತ್ತು. ಬಂದವರೆಲ್ಲ ಅದರಲ್ಲಿ ಏನಾದರೊಂದು ಕಾಣುತ್ತಿದ್ದರು. ಪಕ್ಕದ ಮನೆಯಾಕೆಗೆ ಅದು ಬಾದಾಮಿಯ ಗುಡ್ಡದ ಪದರು. ಬಟ್ಟೆ ವ್ಯಾಪಾರಿಯೊಬ್ಬ ಡಿಸೈನು ಹಿಡಿಯುತ್ತೇನೆಂದು ಅರ್ಧ ತಾಸು ಎಣಿಸಿ, ಚಹ ಆರಿಸಿಕೊಂಡು ಎದ್ದುಹೋದ. ಮಕ್ಕಳಿಗೆ ನಾನು ನಾಣ್ಯದ ಪಾಠವನ್ನು ಅದನ್ನೇ ತೋರಿಸಿ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅಣ್ಣ ಬಂದ. ಅಷ್ಟರಲ್ಲಿ ಅವನು ಆಟ ಬಿಟ್ಟು ಬಹಳ ದಿನವಾಗಿತ್ತು. ಭುಜ ಹಿಡಿದುಕೊಂಡು, ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ. ಗೂಟಕ್ಕೆ ಅಂಗಿ ಹಾಕಲೂ ಎಡಗೈ ಬಳಸಿದ. ಊಟವಾದ ಮೇಲೆ ಮೇಜಿನ ಮುಂದೆ ಕೂತು ಬಟ್ಟೆಯ ಕೊನೆಯ ಮೇಲೆ ಬೆರಳಾಡಿಸತೊಡಗಿದ. ನನಗೆ ತಡೆಯಲಾಗಲಿಲ್ಲ. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಅದು ಹಿಂದುಮುಂದಾಗಿದೆ, ತಪ್ಪು ನನ್ನದು, ಅಂದು ಕ್ಯಾಪ್ಟನ್ನನಿಗೆ ಹೇಳಲಿಲ್ಲ, ಅಂದೆ.

ಅಣ್ಣ ತಲೆ ಎತ್ತಿ ನನ್ನನ್ನು ಕನಿಕರದಿಂದ ನೋಡಿದ.

"ಕಂಡಿಕಿ ಹೆಂಗ ಬಿಚ್ಚತೈತಿ ಅನ್ನೂದು ಮಗ್ಗದಾಗ ಕುಂತಾವಗ ಗೊತ್ತಿರಂಗಿಲ್ಲೇನ?" ಅಂದ. "ತಿರುಗಿ ಸುತ್ತಿ ನೇಯಬೇಕಿತ್ತು. ನಾ ಸುತ್ತಲಿಲ್ಲ."

"ಕ್ಯಾಪ್ಟನ್ನಗ ಮೋಸ ಮಾಡಾಕ?"

"ಅವನ ಮಾತು ಬಿಡು. ಅವು ನನ್ನವಲ್ಲ ಅಂದಿದ್ದಿ ನೀ. ಅವನ್ನ ಕಡೀಕ ಇಟ್ಟು ನೇಯಬೇಕನಿಸ್ತು. ಮಗ್ಗದಿಂದ ಏಳೂಮುಂದ ಕೈಯಾಗ ಅವ ಇರ್ಲಿ ಅಂತ."

ಹೊರಗೆ ಯಾರೋ ಮಕ್ಕಳು ಚೆಂಡು ಪುಟಿಸುತ್ತಿದ್ದರು. ಓದಿದವರು ಕೈ ಕುದುರುವ ಈ ವಿಷಯದಲ್ಲಿ ಇನ್ನೂ ಜಗಳವಾಡುತ್ತಾರೆ, ಆಡಲಿ. ನನ್ನ ಲೆಕ್ಕ ಎಲ್ಲಿ ತಪ್ಪಿತೆಂದು ನನಗೆ ಇವತ್ತಿಗೂ ತೋರಿಸಲು ಬಾರದು, ತಪ್ಪಿರಲಿಕ್ಕೂ ಇಲ್ಲ. ಆದರೂ ಅಂದು ಅಣ್ಣನ ಏಳದ ಕೈಯನ್ನು ಹಿಡಿದು ಆ ಕೆಂಪಿನ ಮೇಲೆ ಇಟ್ಟೆ.

"ನಿನ್ನವ," ಅಂದೆ. "ಒಂಬತ್ತೂ ನಿನ್ನವ."

ಅವನು ಒಂದೊಂದೇ ಗೆರೆಯನ್ನು ಉಗುರಿನಿಂದ ಮುಟ್ಟುತ್ತ, ಒಂದರಿಂದ ಎಣಿಸತೊಡಗಿದ.